ಕೋಕೋ ಬೀಜದಿಂದ ಚಾಕಲೇಟಿನವರೆಗೆ: ತೊಗರಿಯ ನಾಡಿಗೊಂದು ಪಾಠ

ಆಳಂದ ತಾಲ್ಲೂಕಿನ ಒಂದು ಗ್ರಾಮದಲ್ಲಿ ಶ್ರಾವಣ ಮಾಸದ ಪ್ರವಚನವನ್ನು ನಡೆಸಿಕೊಡಲು ನಾವು ಹೋಗಿದ್ದೆವು. ಮಂಗಲದ ದಿನ ಭಕ್ತರೊಬ್ಬರು ಕಲ್ಲುಸಕ್ಕರೆಯೊಡನೆ ಮಕ್ಕಳಿಗಾಗಿ ಒಂದು ಡಬ್ಬಿ ಚಾಕಲೇಟನ್ನೂ ತಂದಿದ್ದರು. ಅದನ್ನು ಹಂಚುತ್ತಿರುವಾಗ ಏಳೆಂಟು ವರ್ಷದ ಬಾಲಕನೊಬ್ಬ ಮುಂದೆ ಬಂದು, ‘ಅಜ್ಜಾರ, ಇದು ಯಾವ ಹೊಲದಾಗ ಬೆಳಿತದ್ರಿ?’ ಎಂದು ಕೇಳಿದನು. ಅವನ ಹಿಂದೆಯೇ ನಿಂತಿದ್ದ ಅವನ ಅಜ್ಜಿ, ‘ಇದರಾಗ ತಿನ್ನಬಾರದ್ದು ಏನರ ಕೂಡಸ್ಯಾರೇನ್ರಿ?’ ಎಂದು ಇನ್ನೊಂದು ಪ್ರಶ್ನೆಯನ್ನು ಸೇರಿಸಿದರು.

ಎರಡಕ್ಕೂ ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ತಿಂಗಳ ಕಾಲ ಪುರಾಣದ ಗಹನವಾದ ಪ್ರಸಂಗಗಳನ್ನು ಬಿಡಿಸಿ ಹೇಳಿದ ನಾವು ಅಂಗೈಯಲ್ಲಿದ್ದ ಒಂದು ತಿನಿಸಿನ ಮೂಲವನ್ನು ತಿಳಿಸಲಾರದೆ ಹೋದೆವು. ಆ ನಾಚಿಕೆಯೇ ಈ ಲೇಖನಕ್ಕೆ ಕಾರಣ. ಅನಂತರ ಒಂದು ಕಾರ್ಯನಿಮಿತ್ತ ದಕ್ಷಿಣ ಕನ್ನಡ ಜಿಲ್ಲೆಗೆ ಹೋಗುವ ಯೋಗ ಕೂಡಿಬಂದಿತು. ಪುತ್ತೂರಿನ ಸಮೀಪ ಅಡಿಕೆ ಬೆಳೆಯುವ ಒಂದು ಮನೆತನದಲ್ಲಿ ಎರಡು ದಿನ ಉಳಿದು, ಕಂಡದ್ದನ್ನೂ ಕೇಳಿದ್ದನ್ನೂ ಓದಿ ತಿಳಿದದ್ದನ್ನೂ ಕೂಡಿಸಿ ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ನೆರಳಿನ ಬೆಳೆ

ಬಾಲಕನ ಪ್ರಶ್ನೆಗೆ ಮೊದಲ ಉತ್ತರವೆಂದರೆ, ಚಾಕಲೇಟು ಹೊಲದಲ್ಲಿ ಬೆಳೆಯುವುದಿಲ್ಲ, ಮರದಲ್ಲಿ ಬೆಳೆಯುತ್ತದೆ. ಆ ಮರದ ಹೆಸರು ಕೋಕೋ. ೧೭೫೩ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ‘ಥಿಯೋಬ್ರೋಮ’ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದಕ್ಕೆ ದೇವತೆಗಳ ಆಹಾರ ಎಂದರ್ಥ. ಇದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಮೇಲ್ಭಾಗದ ಕಾಡುಗಳು. ಮೆಕ್ಸಿಕೋ ಕಡೆಯ ಮಾಯಾ, ಆಜ್ಟೆಕ್ ಜನ ಇದರ ಬೀಜವನ್ನು ಅರೆದು ಪಾನಕವಾಗಿ ಕುಡಿಯುತ್ತಿದ್ದರು. ಬೀಜವನ್ನೇ ನಾಣ್ಯದಂತೆ ಚಲಾಯಿಸುತ್ತಿದ್ದರು. ಹದಿನಾರನೆಯ ಶತಮಾನದಲ್ಲಿ ಸ್ಪೇನಿನವರ ಮೂಲಕ ಅದು ಯುರೋಪನ್ನು ಸೇರಿತು. ನಮ್ಮ ದೇಶಕ್ಕೆ ೧೭೯೮ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ತಮಿಳುನಾಡಿನ ಕುಟ್ರಾಲಕ್ಕೆ ತಂದರು. ಆದರೆ ಕೃಷಿಯಾಗಿ ಅದು ಬೇರೂರಿದ್ದು ೧೯೬೦-೭೦ರ ದಶಕಗಳಲ್ಲಿ, ಕೇರಳ ಮತ್ತು ನಮ್ಮ ಕರಾವಳಿಯ ತೆಂಗು-ಅಡಿಕೆ ತೋಟಗಳ ನಡುವೆ. ಇಂದು ಭಾರತದಲ್ಲಿ ಹೆಚ್ಚು ಕೋಕೋ ಬೆಳೆಯುವ ರಾಜ್ಯ ಆಂಧ್ರಪ್ರದೇಶ.

ಕೋಕೋಗೆ ವರ್ಷಕ್ಕೆ ೧,೫೦೦ರಿಂದ ೨,೦೦೦ ಮಿಲಿಮೀಟರ್ ಮಳೆ ಬೇಕು, ತಂಪು ನೆರಳು ಬೇಕು, ಒಣಗಾಳಿ ಸೋಕಬಾರದು. ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಬೀಳುವ ಮಳೆ ಅದರ ಅರ್ಧದಷ್ಟು. ಬೇಸಿಗೆಯ ಬಿಸಿಲೋ ೪೨-೪೩ ಡಿಗ್ರಿಯನ್ನು ಮುಟ್ಟುತ್ತದೆ. ಆದ್ದರಿಂದ ನಮ್ಮ ಎರೆಭೂಮಿಯಲ್ಲಿ ಕೋಕೋ ಬೆಳೆಯುವ ಆಸೆ ಬೇಡ.

ಆ ತೋಟದಲ್ಲಿ ನಮಗೆ ಮೊದಲು ಅಚ್ಚರಿ ತಂದದ್ದು ಕಾಯಿ ಬಿಡುವ ರೀತಿ. ಇತರ ಮರಗಳಂತೆ ಕೊಂಬೆಯ ತುದಿಯಲ್ಲಲ್ಲ, ಹಲಸಿನಂತೆ ಕಾಂಡಕ್ಕೂ ದಪ್ಪ ರೆಂಬೆಗಳಿಗೂ ಅಂಟಿಕೊಂಡೇ ಕಾಯಿ ಜೋತು ಬಿದ್ದಿರುತ್ತದೆ. ಹೂವು ಸಣ್ಣ ಮೂಗುತಿಯಷ್ಟು ಚಿಕ್ಕದು. ಅದಕ್ಕೆ ಪರಾಗಸ್ಪರ್ಶ ಮಾಡಿಸುವುದು ಸೊಳ್ಳೆಗಿಂತಲೂ ಸಣ್ಣದಾದ ಒಂದು ನೊಣ. ನೂರಾರು ಹೂವುಗಳಲ್ಲಿ ಕಾಯಿಗಟ್ಟುವುದು ಕೆಲವೇ ಕೆಲವು. ಕಾಯಿ ಬಲಿಯಲು ಐದಾರು ತಿಂಗಳು ಬೇಕು. ಹಸಿರು ಕಾಯಿ ಹಳದಿಗೆ ತಿರುಗಿದಾಗ ಅದನ್ನು ಕತ್ತಿಯಿಂದ ತೊಟ್ಟು ಕತ್ತರಿಸಿ ಇಳಿಸುತ್ತಾರೆ. ಎಳೆದು ಕಿತ್ತರೆ ಮುಂದೆ ಹೂ ಬರುವ ಜಾಗವೇ ಗಾಯವಾಗುತ್ತದೆ. ಅಳಿಲು, ಇಲಿ, ಮಂಗಗಳಿಗೆ ಪಾಲು ಕೊಟ್ಟು ಉಳಿದದ್ದು ಕೃಷಿಕನಿಗೆ.

ಕಾಯಿಯನ್ನು ಒಡೆಯಲು ಮನೆಯ ಯಜಮಾನರು ಮರದ ತುಂಡೊಂದನ್ನು ಕೈಗೆತ್ತಿಕೊಂಡರು. ಕತ್ತಿ ಪಕ್ಕದಲ್ಲೇ ಇದ್ದಿತು. ನಾವು ಅದರ ಕಡೆ ನೋಡಿದ್ದನ್ನು ಕಂಡು, ‘ಬೀಜಕ್ಕೆ ಕತ್ತಿ ತಾಗಲಿಕ್ಕಿಲ್ಲ ಪಂಡಿತರೇ, ಗಾಯ ಆದರೆ ಬೂಸು ಹಿಡೀತದೆ’ ಎಂದರು. ಒಡೆದ ಕಾಯಿಯೊಳಗೆ ನಡುದಿಂಡಿನ ಸುತ್ತ ಬಿಳಿಯ ತಿರುಳು ಹೊದ್ದ ಮೂವತ್ತು ನಲವತ್ತು ಬೀಜಗಳು. ಒಂದನ್ನು ಬಾಯಿಗೆ ಹಾಕಿಕೊಂಡೆವು. ತಿರುಳು ಸೀತಾಫಲದಂತೆ ಸಿಹಿಹುಳಿ. ಬೀಜವನ್ನು ಕಚ್ಚಿದರೆ ಬೇವಿನಷ್ಟು ಕಹಿ, ಒಳಗೆ ನೇರಳೆ ಬಣ್ಣ. ಚಾಕಲೇಟಿನ ರುಚಿಯಾಗಲಿ ಪರಿಮಳವಾಗಲಿ ಅದರಲ್ಲಿ ಎಳ್ಳಷ್ಟೂ ಇಲ್ಲ.

ಅಂಗಳದಲ್ಲಿ ಹತ್ತು ದಿನ

ಹಾಗಾದರೆ ಆ ಪರಿಮಳ ಎಲ್ಲಿಂದ ಬಂದಿತು? ಅದು ಹುಟ್ಟುವುದು ಕಾರ್ಖಾನೆಯಲ್ಲೆಂದು ನಾವು ಭಾವಿಸಿದ್ದೆವು. ವಾಸ್ತವವಾಗಿ ಅದರ ಬುನಾದಿ ಬೀಳುವುದು ರೈತನ ಅಂಗಳದಲ್ಲಿಯೇ.

ಹಸಿ ಬೀಜವನ್ನು ತಿರುಳಿನೊಡನೆಯೇ ಬಾಳೆಎಲೆ ಹಾಸಿದ ಬಿದಿರಿನ ಬುಟ್ಟಿಯಲ್ಲಿಯೋ ಮರದ ಪೆಟ್ಟಿಗೆಯಲ್ಲಿಯೋ ತುಂಬಿ, ಮೇಲೆ ಗೋಣಿಚೀಲ ಮುಚ್ಚಿ ಹುದುಗಲು ಬಿಡುತ್ತಾರೆ. ತಿರುಳು ಕರಗಿ ರಸವಾಗಿ ಕೆಳಗೆ ಸೋರಿಹೋಗುತ್ತದೆ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮೊದಲು ತಿರುಳಿನ ಸಕ್ಕರೆಯನ್ನು ಮದ್ಯಸಾರವಾಗಿಯೂ ಬಳಿಕ ಅದನ್ನು ಹುಳಿಯಾಗಿಯೂ ಪರಿವರ್ತಿಸುತ್ತವೆ. ರಾಶಿಯ ಒಳಗಿನ ಶಾಖ ೪೫ರಿಂದ ೫೦ ಡಿಗ್ರಿಗೆ ಏರುತ್ತದೆ. ನಮ್ಮ ತಾಯಂದಿರು ಅಂಬಲಿಯನ್ನು ಹುಳಿಗಿಡುವಾಗ ಪಾತ್ರೆಯೊಳಗೆ ಇಂಥದೇ ಜೀವಿಗಳು ಕೆಲಸ ಮಾಡುತ್ತವೆ. ಆ ಶಾಖಕ್ಕೂ ಹುಳಿಗೂ ಬೀಜದ ಮೊಳಕೆ ಸಾಯುತ್ತದೆ, ಕಹಿ ಇಳಿಯುತ್ತದೆ, ನೇರಳೆ ಬಣ್ಣ ಕಂದಾಗುತ್ತದೆ. ಮುಂದೆ ಹುರಿದಾಗ ಪರಿಮಳವಾಗಿ ಅರಳತಕ್ಕ ಸತ್ವಗಳು ಒಳಗೆ ಕೂಡುತ್ತವೆ. ಮೂರನೆಯ ದಿನ ಮತ್ತು ಐದನೆಯ ದಿನ ರಾಶಿಯನ್ನು ತಿರುವಿ ಹಾಕಬೇಕು. ಆರು ದಿನಕ್ಕೆ ಹದ ಕೂಡುತ್ತದೆ. ಮೊದಲೇ ತೆಗೆದರೆ ಕಹಿ ಉಳಿಯುತ್ತದೆ, ತಡವಾದರೆ ಕೊಳೆತ ನಾತ ಹಿಡಿಯುತ್ತದೆ. ಈ ಹದ ತಪ್ಪಿದ ಬೀಜಕ್ಕೆ ಮುಂದೆ ಯಾವ ಯಂತ್ರವೂ ಪರಿಮಳವನ್ನು ಕೊಡಲಾರದು.

ಅನಂತರ ಐದಾರು ದಿನ ಬಿಸಿಲಲ್ಲಿ ಒಣಗಿಸಬೇಕು; ಬೀಜದಲ್ಲಿ ನೂರಕ್ಕೆ ಆರೇಳು ಪಾಲು ಮಾತ್ರ ತೇವ ಉಳಿಯಬೇಕು. ಸುಮಾರು ೩ ಕಿಲೋ ಹಸಿ ಬೀಜ ಒಣಗಿ ೧ ಕಿಲೋ ಆಗುತ್ತದೆ. ಕರಾವಳಿಯಲ್ಲಿ ಕೊಯಿಲು ಮಳೆಗಾಲಕ್ಕೆ ಹೊಂದಿಕೊಂಡೇ ಬರುವುದರಿಂದ ಒಣಗಿಸುವುದು ಅಲ್ಲಿಯವರಿಗೆ ದೊಡ್ಡ ತಾಪತ್ರಯ. ‘ನಿಮ್ಮ ಗುಲ್ಬರ್ಗದ ಬಿಸಿಲು ಒಂದು ವಾರ ಇಲ್ಲಿ ಬಂದರೆ ಸಾಕಿತ್ತು’ ಎಂದು ಮನೆಯೊಡತಿ ನಕ್ಕರು. ಸಣ್ಣ ಕೃಷಿಕನಲ್ಲಿ ಒಂದು ಸಲಕ್ಕೆ ದೊರೆಯುವ ಬೀಜವೂ ಅಲ್ಪವೇ. ರಾಶಿ ಸಣ್ಣದಾದರೆ ಶಾಖ ಏರುವುದಿಲ್ಲ. ಈ ಎರಡು ತೊಡಕುಗಳಿಂದಾಗಿ ಅನೇಕರು ಹಸಿ ಬೀಜವನ್ನೇ ಮಾರುತ್ತಾರೆ. ಹುದುಗಿಸಿ ಒಣಗಿಸುವ ಹೊಣೆ ಕೊಂಡವರಿಗೆ ಸೇರುತ್ತದೆ.

ಹುರಿಯುವುದು, ಕೇರುವುದು, ಅರೆಯುವುದು

ಇನ್ನು ಕಾರ್ಖಾನೆಯ ಕೆಲಸ. ನಮ್ಮ ಮನೆಗಳಲ್ಲಿ ಹಿಂದೆ ತೊಗರಿಗೆ ಕೆಮ್ಮಣ್ಣು ಸವರಿ, ಒಣಗಿಸಿ, ಬೀಸುಕಲ್ಲಿನಲ್ಲಿ ಒಡೆದು, ಮೊರದಿಂದ ಕೇರಿ ಬೇಳೆ ಮಾಡುತ್ತಿದ್ದುದನ್ನು ಕಂಡವರಿಗೆ ಈ ಕ್ರಮ ಸುಲಭವಾಗಿ ಅರ್ಥವಾಗುತ್ತದೆ.

ಒಣ ಬೀಜವನ್ನು ಕಲ್ಲು-ಕಸ ತೆಗೆದು ೧೨೦ರಿಂದ ೧೪೦ ಡಿಗ್ರಿ ಶಾಖದಲ್ಲಿ ಹುರಿಯುತ್ತಾರೆ. ಆಗಲೇ ಚಾಕಲೇಟಿನ ಪರಿಮಳ ಏಳುತ್ತದೆ. ಹುರಿದ ಬೀಜವನ್ನು ಒಡೆದು, ಗಾಳಿ ಹಾಯಿಸಿ ಸಿಪ್ಪೆಯನ್ನು ಹಾರಿಸುತ್ತಾರೆ. ಉಳಿಯುವ ನುಚ್ಚೇ ಕೋಕೋದ ಬೇಳೆ. ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಭಾಗ ಕೊಬ್ಬು. ಆದ್ದರಿಂದ ಅರೆದರೆ ಹಿಟ್ಟಾಗುವುದಿಲ್ಲ, ಎಳ್ಳಿನಂತೆ ಜಿಡ್ಡು ಬಿಟ್ಟು ಗಟ್ಟಿ ರಸವಾಗುತ್ತದೆ. ಈ ರಸವನ್ನು ಭಾರೀ ಒತ್ತಡದ ಯಂತ್ರದಲ್ಲಿ ಹಿಂಡಿದರೆ ಗಾಣದಲ್ಲಿ ಎಣ್ಣೆಯೂ ಹಿಂಡಿಯೂ ಬೇರಾಗುವಂತೆ ಎರಡು ವಸ್ತುಗಳು ದೊರೆಯುತ್ತವೆ. ಹರಿದುಬರುವುದು ಕೋಕೋ ಬೆಣ್ಣೆ. ಉಳಿಯುವ ಹಿಂಡಿಯನ್ನು ಪುಡಿ ಮಾಡಿದರೆ ಕೋಕೋ ಪುಡಿ. ಈ ಹಿಂಡುವ ಯಂತ್ರಕ್ಕೆ ೧೮೨೮ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಹಕ್ಕುಪತ್ರ ಪಡೆದರು. ಅದುವರೆಗೆ ಚಾಕಲೇಟೆಂದರೆ ಕುಡಿಯುವ ಪದಾರ್ಥವೇ. ೧೮೪೭ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಫ್ರೈ ಸಂಸ್ಥೆಯವರು ಕೋಕೋ ರಸಕ್ಕೆ ಸಕ್ಕರೆಯನ್ನೂ ಕೋಕೋ ಬೆಣ್ಣೆಯನ್ನೂ ಬೆರೆಸಿ ತಿನ್ನುವ ಹಲಗೆಯನ್ನು ಎರಕ ಹೊಯ್ದರು. ೧೮೭೦ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಡೇನಿಯಲ್ ಪೀಟರ್ ಅದಕ್ಕೆ ಹಾಲನ್ನು ಕೂಡಿಸಿದನು.

ಇಂದಿನ ಹಾಲು ಚಾಕಲೇಟಿನಲ್ಲಿ ಕೋಕೋ ರಸ, ಕೋಕೋ ಬೆಣ್ಣೆ, ಹಾಲಿನ ಪುಡಿಗಳೊಡನೆ ಅರ್ಧದಷ್ಟು ಸಕ್ಕರೆಯೇ ಇರುತ್ತದೆ. ಇವನ್ನು ಕಲಸಿ ಉಕ್ಕಿನ ಉರುಳೆಗಳ ನಡುವೆ ಹಾಯಿಸಿ, ನಾಲಗೆಗೆ ಒಂದು ಹರಳೂ ತಾಗದಷ್ಟು ನುಣ್ಣಗೆ ಅರೆಯುತ್ತಾರೆ. ಬಳಿಕ ‘ಕಾಂಚಿಂಗ್’ ಎಂಬ ಕ್ರಿಯೆಯಲ್ಲಿ ಬೆಚ್ಚಗಿನ ದೊಡ್ಡ ಪಾತ್ರೆಗಳಲ್ಲಿ ಗಂಟೆಗಟ್ಟಲೆ ಕಲಕುತ್ತಾರೆ. ಉಳಿದ ಹುಳಿನಾತ ಆರಿಹೋಗಿ ಪಾಕ ನಯವಾಗುತ್ತದೆ. ೧೮೭೯ರಲ್ಲಿ ಇದನ್ನು ಕಂಡುಹಿಡಿದವನು ಸ್ವಿಟ್ಜರ್ಲೆಂಡಿನವನೇ ಆದ ರೊಡಾಲ್ಫ್ ಲಿಂಟ್.

ಕೊನೆಯದು ಹದ ಹಾಕುವ ಕೆಲಸ. ಕೋಕೋ ಬೆಣ್ಣೆ ಹೆಪ್ಪುಗಟ್ಟುವಾಗ ಆರು ಬಗೆಯ ಹರಳುಗಳಾಗಬಲ್ಲದು. ಅವುಗಳಲ್ಲಿ ಒಂದು ಬಗೆಯದು ಮಾತ್ರ ಚಾಕಲೇಟಿಗೆ ಹೊಳಪನ್ನೂ ‘ಟಕ್’ ಎಂದು ಮುರಿಯುವ ಗುಣವನ್ನೂ ಕೊಡುತ್ತದೆ. ಅದಕ್ಕಾಗಿ ಪಾಕವನ್ನು ೪೫ ಡಿಗ್ರಿಗೆ ಕಾಯಿಸಿ, ೨೭-೨೮ಕ್ಕೆ ಇಳಿಸಿ, ಮತ್ತೆ ೩೦-೩೨ಕ್ಕೆ ಏರಿಸಿ ಅಚ್ಚಿಗೆ ಹೊಯ್ಯುತ್ತಾರೆ. ಈ ಬೆಣ್ಣೆ ನಮ್ಮ ಮೈಯ ಶಾಖಕ್ಕಿಂತ ತುಸು ಕೆಳಗೇ ಕರಗುವುದರಿಂದ ಚಾಕಲೇಟು ಬಾಯಲ್ಲಿಟ್ಟೊಡನೆ ನೀರಾಗುತ್ತದೆ. ನಮ್ಮ ಏಪ್ರಿಲ್ ತಿಂಗಳಲ್ಲಿ ಅದು ಅಂಗಡಿಯ ಡಬ್ಬಿಯಲ್ಲೇ ಕರಗುವುದಕ್ಕೂ, ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪದರ ಕಟ್ಟುವುದಕ್ಕೂ ಇದೇ ಕಾರಣ. ಆ ಬಿಳುಪು ಬೂಸಲ್ಲ, ಮೇಲೆ ಬಂದು ನಿಂತ ಬೆಣ್ಣೆ, ತಿಂದರೆ ಹಾನಿಯಿಲ್ಲ.

ಕೊಳ್ಳುವವರು ಕೈಬಿಟ್ಟಾಗ

ಇಷ್ಟು ತಿಳಿದಮೇಲೆ ಆ ಮನೆಯ ಯಜಮಾನರನ್ನು ನಾವು ಕೇಳಿದೆವು: ‘ಇಷ್ಟೆಲ್ಲ ಯಂತ್ರ, ಇಷ್ಟೆಲ್ಲ ಬಂಡವಾಳ. ಅಡಿಕೆಯ ರೈತರಿಗೆ ಇದು ಹೇಗೆ ಕೈಗೂಡಿತು?’ ಅದರ ಉತ್ತರವೇ ಈ ಲೇಖನದ ಮುಖ್ಯ ಸಂಗತಿ.

೧೯೭೦ರ ದಶಕದ ಮೊದಲಲ್ಲಿ ಅಡಿಕೆಯ ಬೆಲೆ ಕುಸಿದು ಕರಾವಳಿಯ ಕೃಷಿಕರು ಕಂಗೆಟ್ಟಿದ್ದರು. ಆಗ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ೧೯೭೩ರ ಜುಲೈ ೧೧ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಅದರ ಸದಸ್ಯರಾದರು. ಅದೇ ಕಾಲದಲ್ಲಿ ಖಾಸಗಿ ಕಂಪನಿಯವರ ಪ್ರೋತ್ಸಾಹವನ್ನು ನಂಬಿ ಅನೇಕರು ಅಡಿಕೆಯ ನಡುವೆ ಕೋಕೋ ಗಿಡ ನೆಟ್ಟಿದ್ದರು. ಗಿಡಗಳು ಫಲಕ್ಕೆ ಬಂದ ಹೊತ್ತಿಗೆ, ೧೯೮೦ರ ಸುಮಾರಿಗೆ, ಲೋಕದ ಮಾರುಕಟ್ಟೆಯಲ್ಲಿ ಕೋಕೋ ಬೆಲೆ ಕುಸಿಯಿತು. ಕೊಳ್ಳುತ್ತಿದ್ದವರು ಹಿಂದೆ ಸರಿದರು. ಅಡಿಕೆಯನ್ನಾದರೆ ಚೀಲ ಕಟ್ಟಿ ಅಟ್ಟದ ಮೇಲಿಟ್ಟು ಬೆಲೆಗೆ ಕಾಯಬಹುದು. ಹಸಿ ಕೋಕೋ ಬೀಜ ಒಂದು ವಾರವೂ ಕಾಯುವುದಿಲ್ಲ. ಬೇಸತ್ತು ಗಿಡಗಳನ್ನೇ ಕಡಿದು ಹಾಕಿದವರೂ ಉಂಟು.

ಆಗ ಎರಡೂ ಸರ್ಕಾರಗಳ ಕೋರಿಕೆಯಂತೆ ಕ್ಯಾಂಪ್ಕೊ ಕೋಕೋ ಖರೀದಿಗೆ ಇಳಿಯಿತು. ಆದರೆ ಬೀಜವನ್ನು ಕೊಂಡು ಮಾರುವುದರಿಂದ ಮಾತ್ರ ಕಷ್ಟ ತೀರದು, ಬೀಜದಿಂದ ಚಾಕಲೇಟು ಮಾಡುವ ಕೆಲಸ ತಮ್ಮದಾಗಬೇಕು ಎಂಬುದನ್ನು ಅದರ ಹಿರಿಯರು ಮನಗಂಡರು. ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆ ಎದ್ದಿತು. ೧೯೮೬ರ ಸೆಪ್ಟೆಂಬರ್ ೧ರಂದು ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರು ಅದನ್ನು ಉದ್ಘಾಟಿಸಿದರು. ಬೀಜ ಬೆಳೆದವನೇ ಚಾಕಲೇಟು ಕಾರ್ಖಾನೆಯ ಪಾಲುದಾರನಾದನು. ಬೆಳೆಯ ಶಾಸ್ತ್ರೀಯ ತಿಳಿವಳಿಕೆಗಾಗಿ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯೂ ಪುತ್ತೂರಿನ ನೆರೆಯ ವಿಟ್ಲದಲ್ಲಿರುವ ಅದರ ಪ್ರಾದೇಶಿಕ ಕೇಂದ್ರವೂ ಬೆನ್ನಿಗಿದ್ದವು.

ಕಾರ್ಖಾನೆ ಎದ್ದ ಮಾತ್ರಕ್ಕೆ ಬೆಲೆಯ ಏರಿಳಿತ ನಿಂತಿತೆಂದಲ್ಲ. ಲೋಕದ ಅರ್ಧಕ್ಕಿಂತ ಹೆಚ್ಚು ಕೋಕೋ ಬರುವುದು ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ. ಅಲ್ಲಿ ರೋಗವೂ ಹವೆಯ ವೈಪರೀತ್ಯವೂ ಬೆಳೆಯನ್ನು ಕೆಡಿಸಿದಾಗ ೨೦೨೪ರಲ್ಲಿ ಬೆಲೆ ಟನ್ನಿಗೆ ಹತ್ತು ಸಾವಿರ ಡಾಲರನ್ನು ದಾಟಿತು. ೨೦೨೫ರಲ್ಲಿ ಮತ್ತೆ ಇಳಿಯಿತು. ಆದರೆ ಬೆಲೆ ಇಳಿದ ದಿನವೂ ಬೀಜವನ್ನು ಕೇಳುವವರು ಒಬ್ಬರಿದ್ದಾರೆ ಎಂಬ ಧೈರ್ಯ ಪುತ್ತೂರಿನ ಕೃಷಿಕನಿಗಿದೆ.

ನಮ್ಮ ತೊಗರಿಯ ಮಾತು

ಪುತ್ತೂರಿನಿಂದ ಮರಳಿ ಬರುವಾಗ ನಮ್ಮ ಮನಸ್ಸಿನಲ್ಲಿ ಸುಳಿದಾಡುತ್ತಿದ್ದುದು ನಮ್ಮ ಮೂರು ತಾಲ್ಲೂಕುಗಳ ಹೊಲಗಳು. ಕಲಬುರಗಿ ಜಿಲ್ಲೆ ತೊಗರಿಯ ಕಣಜವೆಂದು ಹೆಸರಾಗಿದೆ. ೨೦೦೨ರಲ್ಲಿ ತೊಗರಿ ಅಭಿವೃದ್ಧಿ ಮಂಡಳಿ ಆಯಿತು. ೨೦೧೯ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಭೌಗೋಳಿಕ ಗುರುತು ದೊರೆಯಿತು. ಇವೆಲ್ಲ ಹೆಮ್ಮೆಯ ಸಂಗತಿಗಳೇ. ಆದರೂ ನಮ್ಮ ರೈತ ಮಾರುವುದು ಬೇಳೆಯನ್ನಲ್ಲ, ಇಡಿಯ ತೊಗರಿಯನ್ನು. ಅದೂ ರಾಶಿಯಾದ ಕೂಡಲೇ, ಸಾಲದವರು ಬಾಗಿಲಿಗೆ ಬರುವ ಮುನ್ನ.

೨೦೧೫ರಲ್ಲಿ ತೊಗರಿ ಬೇಳೆ ಕೆಲವು ಪಟ್ಟಣಗಳಲ್ಲಿ ಕಿಲೋಗೆ ೨೦೦ ರೂಪಾಯಿಯ ಸಮೀಪಕ್ಕೆ ಹೋದದ್ದು ಎಲ್ಲರಿಗೂ ನೆನಪಿದೆ. ಅದನ್ನು ಕಂಡು ಮರುವರ್ಷ ರೈತರು ಹೆಚ್ಚು ಬಿತ್ತಿದರು, ಮಳೆಯೂ ಒದಗಿತು, ಕಣ ತುಂಬಿತು. ೨೦೧೬-೧೭ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ ೫,೦೫೦ ರೂಪಾಯಿ ಇದ್ದಾಗ ಪೇಟೆಯ ಬೆಲೆ ಅದಕ್ಕಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಚೀಲಗಳ ಸಾಲು ನಿಂತಿತು. ೨೦೨೨ರಲ್ಲಿ ನೆಟೆರೋಗ ಬಂದು ನಿಂತ ಬೆಳೆಯೇ ಒಣಗಿತು. ಬೆಲೆ ಏರಿದಾಗ ಬೆಳೆಯಿಲ್ಲ, ಬೆಳೆ ಬಂದಾಗ ಬೆಲೆಯಿಲ್ಲ ಎಂಬ ಗೋಳು ನಮ್ಮಲ್ಲಿ ಹಳೆಯದು.

ಒಂದು ಕ್ವಿಂಟಾಲ್ ತೊಗರಿಯನ್ನು ಗಿರಣಿಯಲ್ಲಿ ಒಡೆದರೆ ಸುಮಾರು ೭೦ರಿಂದ ೭೫ ಕಿಲೋ ಬೇಳೆ ಬರುತ್ತದೆ. ಉಳಿದ ಹೊಟ್ಟು-ನುಚ್ಚು ದನಗಳಿಗೆ ಉತ್ತಮ ಆಹಾರ. ಗಿರಣಿಯವರು ತಮ್ಮ ದುಡಿಮೆಯ ಪ್ರತಿಫಲವನ್ನು ಪಡೆಯುತ್ತಾರೆ, ಅದರಲ್ಲಿ ದೋಷವಿಲ್ಲ. ಆದರೆ ಕಾಯಕದ ಕೊನೆಯ ಹಂತ ಯಾರ ಕೈಯಲ್ಲಿದೆಯೋ ಬೆಲೆಯ ಕೀಲಿಯೂ ಅವರ ಕೈಯಲ್ಲಿರುತ್ತದೆ. ಕೋಕೋ ಬೀಜದಿಂದ ಚಾಕಲೇಟು ತೆಗೆಯುವುದಕ್ಕೆ ಬೇಕಾದಷ್ಟು ಯಂತ್ರವಾಗಲಿ ಬಂಡವಾಳವಾಗಲಿ ತೊಗರಿಯಿಂದ ಬೇಳೆ ತೆಗೆಯುವುದಕ್ಕೆ ಬೇಡ. ಅದು ನಮ್ಮ ಅಜ್ಜಿಯರು ಬೀಸುಕಲ್ಲಿನಲ್ಲಿ ಮಾಡುತ್ತಿದ್ದ ಕೆಲಸ.

ಸಹಕಾರಿ ಎಂದೊಡನೆ ನಮ್ಮವರು ತಲೆ ಅಲ್ಲಾಡಿಸುವುದನ್ನೂ ನಾವು ಬಲ್ಲೆವು. ರೈತರ ಪಾಲುಹಣದಿಂದ ಆರಂಭವಾದ ಕಾರ್ಖಾನೆಗಳು ಸಾಲದಲ್ಲಿ ಮುಳುಗಿ ಖಾಸಗಿಯವರ ಗುತ್ತಿಗೆಗೆ ಹೋದದ್ದನ್ನು ಕಂಡಿದ್ದೇವೆ. ಆದರೆ ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು ೧೯೦೫ರಲ್ಲಿ ಹುಟ್ಟಿದ್ದು ಗದಗ ಸಮೀಪದ ಕಣಗಿನಹಾಳದಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಪ್ರಯತ್ನದಿಂದ ಎಂಬುದನ್ನೂ ಮರೆಯಬಾರದು. ಸಹಕಾರದ ಬೀಜ ನಮ್ಮ ಉತ್ತರ ಕರ್ನಾಟಕದ ಮಣ್ಣಿನದೇ. ಕೋಕೋ ಬೀಜದಂತೆ ಅದಕ್ಕೂ ಹದ ಬೇಕು. ಲೆಕ್ಕ ಎಲ್ಲರ ಕಣ್ಣ ಮುಂದಿರಬೇಕು. ಕಾಲಕಾಲಕ್ಕೆ ರಾಶಿಯನ್ನು ತಿರುವಿ ಹಾಕುವವರಿರಬೇಕು. ಇಲ್ಲವಾದರೆ ಕೊಳೆಯುವುದು ಸಹಜ. ಊರಿಗೊಂದು ದೊಡ್ಡ ಕಾರ್ಖಾನೆ ಬೇಡ. ಹತ್ತು ಮನೆತನಗಳು ಕೂಡಿ ಒಂದು ಸಣ್ಣ ಗಿರಣಿಯನ್ನು ನಡೆಸಿ, ತಮ್ಮ ತೊಗರಿಯ ಒಂದು ಪಾಲನ್ನಾದರೂ ಬೇಳೆಯಾಗಿ ಮಾರಿದರೆ ಅದೇ ಆರಂಭ.

ತಾಯಂದಿರಿಗೆ ಎರಡು ಮಾತು

ಅಜ್ಜಿಯ ಪ್ರಶ್ನೆಗೂ ಉತ್ತರ ಹೇಳಬೇಕು. ಕೋಕೋ, ಸಕ್ಕರೆ, ಹಾಲುಗಳಲ್ಲಿ ನಿಷಿದ್ಧವಾದದ್ದು ಏನೂ ಇಲ್ಲ. ಹುದುಗುವಾಗ ಹುಟ್ಟುವ ಮದ್ಯಸಾರ ಹುಳಿಯಾಗಿ ಮಾರ್ಪಟ್ಟು, ಉಳಿದದ್ದು ಒಣಗಿಸುವಾಗ ಮತ್ತು ಹುರಿಯುವಾಗ ಆರಿಹೋಗುತ್ತದೆ. ಆದರೆ ಕೆಲವು ತಿನಿಸುಗಳಿಗೆ ಮೊಟ್ಟೆಯನ್ನೋ ಪ್ರಾಣಿಜನ್ಯ ವಸ್ತುವನ್ನೋ ಕೂಡಿಸುವುದುಂಟು. ಆದ್ದರಿಂದ ಹೊದಿಕೆಯ ಮೇಲೆ ಚೌಕದೊಳಗಿನ ಹಸಿರು ಚುಕ್ಕೆಯನ್ನು ನೋಡಿಯೇ ಕೊಳ್ಳಬೇಕು. ಪದಾರ್ಥಗಳ ಪಟ್ಟಿಯನ್ನೂ ಓದಿರಿ. ಕೋಕೋ ಬೆಣ್ಣೆ ದುಬಾರಿಯಾದುದರಿಂದ ಅಗ್ಗದ ತಿನಿಸುಗಳಲ್ಲಿ ಅದರ ಬದಲು ಬೇರೆ ಸಸ್ಯಜನ್ಯ ಕೊಬ್ಬನ್ನು ಬಳಸುತ್ತಾರೆ. ಪಟ್ಟಿಯ ಮೊದಲ ಹೆಸರು ಸಕ್ಕರೆಯಾಗಿದ್ದರೆ ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಇರುವುದು ಸಕ್ಕರೆಯೇ. ಮಕ್ಕಳಿಗೆ ಹಬ್ಬಕ್ಕೊಮ್ಮೆ ಒಂದು ತುಂಡು ಕೊಡಲು ಅಡ್ಡಿಯಿಲ್ಲ. ದಿನವೂ ಕೊಡುವುದಾದರೆ ಶೇಂಗಾ ಉಂಡೆಯೇ ಲೇಸು. ಮನೆಯ ನಾಯಿಗೆ ಮಾತ್ರ ಹಾಕಬೇಡಿರಿ. ಅದರಲ್ಲಿರುವ ಥಿಯೋಬ್ರೋಮಿನ್ ಎಂಬ ಅಂಶ ನಾಯಿಗೆ ವಿಷ.

ಮರುವರ್ಷ ಅದೇ ಗ್ರಾಮಕ್ಕೆ ಹೋದಾಗ ಆ ಬಾಲಕನಿಗಾಗಿ ಪುತ್ತೂರಿನಿಂದ ತಂದಿದ್ದ ನಾಲ್ಕು ಒಣ ಕೋಕೋ ಬೀಜಗಳನ್ನು ಕೊಟ್ಟು, ಕಂಡದ್ದನ್ನೆಲ್ಲ ಹೇಳಿದೆವು. ಅವನು ಒಂದನ್ನು ಕಚ್ಚಿ ನೋಡಿ ಮುಖ ಕಿವುಚಿದನು. ಅನಂತರ ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾದ್ರ ನಮ್ಮ ತೊಗರಿ ಬ್ಯಾಳಿ ನಾವೇ ಯಾಕ ಮಾಡಂಗಿಲ್ರಿ ಅಜ್ಜಾರ?’ ಎಂದನು. ಸಭೆಯಲ್ಲಿದ್ದ ಹಿರಿಯರು ಒಬ್ಬರ ಮುಖವನ್ನೊಬ್ಬರು ನೋಡಿದರು. ಅದಕ್ಕೆ ಉತ್ತರ ಹೇಳಬೇಕಾದವರು ನಾವಲ್ಲ, ಅವರು.